ಖರಾಬು ನೆಲದ ಹಣ್ಣುಗಳು

ತುಮಕೂರು ಜಿಲ್ಲೆಯ ಚರಿತ್ರೆಯಲ್ಲಿ ಹಣ್ಣಿನ ಮಾತು ಬಂದರೆ ಮೊದಲು ನೆನಪಾಗುವುದು ಶಿರಾದ ಖಾನ್ ಬಾಗ್. 1687ರಲ್ಲಿ ಶಿರಾ ಮೊಗಲರ ಸುಬಾದ ರಾಜಧಾನಿಯಾಯಿತು. ಅಲ್ಲಿನ ಸುಬೇದಾರ ದಿಲಾವರ್ ಖಾನನ ಕಾಲದ ಈ ತೋಟವೇ ಬೆಂಗಳೂರಿನ ಲಾಲ್‌ಬಾಗಿಗೆ ಸ್ಫೂರ್ತಿಯಾಯಿತೆಂಬ ಮಾತಿದೆ. ತೋಟಕ್ಕೆ ಒಡೆಯನಿದ್ದ, ಬೇಲಿಯಿತ್ತು. ಹಾಗಾಗಿ ಅದಕ್ಕೊಂದು ಚರಿತ್ರೆಯೂ ದಕ್ಕಿತು. ಬೇಲಿಯಾಚೆಯ ಹಣ್ಣುಗಳಿಗೆ ಆ ಭಾಗ್ಯವಿರಲಿಲ್ಲ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಮಳೆ ಕಡಿಮೆಯಿರುವ ಸೀಮೆ. ಬಂಡೆಗುಡ್ಡ, ಕುರುಚಲು ಕಾಡು, ಗೋಮಾಳಗಳೇ ಇಲ್ಲಿ ಬಡವರ ಹಣ್ಣಿನ ತೋಟ. ಬೇಸಿಗೆ ಕಳೆಯುವ ಹೊತ್ತಿಗೆ ಕವಳೆ ಕಪ್ಪಾಗುತ್ತದೆ. ಮುಂಗಾರಿಗೆ ನೇರಳೆ, ಈಚಲು. ಮಳೆಗಾಲ ಮುಗಿಯುವಾಗ ಗುಡ್ಡದ ಸೀತಾಫಲ. ಚಳಿ ಬಿದ್ದರೆ ಎಲಚಿ. ಕುರಿ ಕಾಯುವ ಮಕ್ಕಳು, ಸೌದೆಗೆ ಹೋದ ಹೆಂಗಸರು ಮುಳ್ಳು ತರಚಿಸಿಕೊಂಡು ಬಿಡಿಸಿದ್ದನ್ನು ಸೆರಗಿನಲ್ಲಿ ತುಂಬಿಕೊಂಡು ಬರುವರು. ಮಿಕ್ಕದ್ದು ಸಂತೆಗೆ ಹೋಗಿ ಸೇರಿನಲ್ಲಿ ಅಳೆದು ಮಾರಾಟವಾಗುತ್ತಿತ್ತು.

ಈ ಗಿಡಗಳಿಗೆ ಜಾತಿಧರ್ಮಗಳ ಹಂಗಿಲ್ಲ. ಸಂಕ್ರಾಂತಿಯಂದು ಎಳೆಯ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಎರೆಯುವ ಪದ್ಧತಿ ಹಿಂದೂ ಮನೆಗಳಲ್ಲಿದೆ. ಮುಸ್ಲಿಮರು ಮೃತರ ಕೊನೆಯ ಸ್ನಾನದ ನೀರಿಗೆ ಅದೇ ಎಲಚಿಯ, ಅಂದರೆ ಬೋರೆಯ ಎಲೆ ಹಾಕುತ್ತಾರೆ. ಕುರ್‌ಆನಿನಲ್ಲಿ 'ಸಿದ್ರ್' ಎಂದು ಬರುವ ಮರ ಇದೇ ಕುಲದ್ದೆಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಒಬ್ಬರ ಮಗುವನ್ನು ಹರಸುವ ಗಿಡವೇ ಇನ್ನೊಬ್ಬರ ಹಿರಿಯರನ್ನು ಬೀಳ್ಕೊಡುತ್ತದೆ.

ಈ ಹಣ್ಣುಗಳು ಬರವನ್ನು ನೀಗಿಸಿದವೆಂದರೆ ಅದು ಉತ್ಪ್ರೇಕ್ಷೆ. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876-78ರ ಬರದ ನಂತರ, 1881ರಲ್ಲಿ, 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಕಾಳಿನ ಜಾಗವನ್ನು ಕವಳೆ ತುಂಬಲಾರದು. ಆದರೆ ಕಣಜ ಬರಿದಾದಾಗ, ಹೊಲವಿಲ್ಲದವನು ಯಾರ ಅಪ್ಪಣೆಯನ್ನೂ ಕೇಳದೆ ಕೈಚಾಚಬಹುದಾದ ಜಾಗವೆಂದರೆ ಗುಡ್ಡವೊಂದೇ.

ಇಂಥ ನೆಲದ ಬಹುಪಾಲಿಗೆ ಕಂದಾಯ ದಾಖಲೆ ಇಟ್ಟಿರುವ ಹೆಸರು 'ಖರಾಬು'. ಅರಬಿ ಮೂಲದ ಈ ಪದ ಪಾರಸಿ ಆಡಳಿತ ಭಾಷೆಯ ಮೂಲಕ ನಮಗೆ ಬಂತು. ಕೆಟ್ಟದ್ದು, ಹಾಳಾದದ್ದು ಎಂದರ್ಥ. ಉಳುಮೆಗೆ ಬಾರದ, ಕಂದಾಯ ಹುಟ್ಟದ ನೆಲ ಸರಕಾರದ ಲೆಕ್ಕದಲ್ಲಿ ಕೆಟ್ಟದ್ದೇ. ಅಲ್ಲಿ ಹಣ್ಣು ಬಿಡಿಸುವವಳ ಲೆಕ್ಕ ಬೇರೆ. ಅದು ಯಾವ ಪಹಣಿಯಲ್ಲೂ ಇಲ್ಲ.

ಲೆಕ್ಕಕ್ಕೆ ಬಾರದ್ದು ಹೋದರೆ ಪರಿಹಾರವೂ ಇರುವುದಿಲ್ಲ. ಪಾವಗಡದಲ್ಲಿ 2018ರಲ್ಲಿ ಉದ್ಘಾಟನೆಯಾದ ಸೌರ ಉದ್ಯಾನ ಸುಮಾರು 13,000 ಎಕರೆಗೆ ಹರಡಿ, 2,050 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆಯಿತು. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ನಿಗದಿಯಾಯಿತು. ನಾಡಿಗೆ ವಿದ್ಯುತ್ ಬೇಕು, ಬರದಿಂದ ಬಸವಳಿದ ರೈತನಿಗೆ ಆ ಹಣವೂ ಬೇಕು. ಆದರೆ ಬೀಳು ಹೊಲದಲ್ಲಿ ಕುರಿ ಮೇಯಿಸಿ, ಬದುವಿನ ಎಲಚಿ ಆಯುತ್ತಿದ್ದವರ ಬಳಿ ತೋರಿಸಲು ಪತ್ರವಿರಲಿಲ್ಲ.

ಖಾನ್ ಬಾಗ್ ಕಟ್ಟಿಸಿದವನ ಹೆಸರು ನಮಗೆ ಗೊತ್ತು. ಗುಡ್ಡದ ಕವಳೆಯನ್ನು ಯಾರೂ ನೆಡಲಿಲ್ಲ, ಆದರೂ ಅದರ ಪಾಲು ಎಲ್ಲರಿಗೂ ಇತ್ತು. ಹಾಗೆ ಎಲ್ಲರದೂ ಆಗಿರುವ ನೆಲವನ್ನು ಖರಾಬು ಎಂದು ಕರೆಯುವ ಮೊದಲು ಅಲ್ಲಿ ಹಣ್ಣು ಆಯುವವರನ್ನು ಒಂದು ಮಾತು ಕೇಳಬೇಕಲ್ಲವೇ?