ಬಂಡೆಯ ಸಾಕ್ಷಿ, ಕಥೆಯ ಸಾಕ್ಷಿ

ನಿವೃತ್ತನಾದ ವಿಜ್ಞಾನಿ ಕಾದಂಬರಿ ಹಿಡಿದು ಕುಳಿತರೆ, ‘ಇನ್ನೇನು, ಹೊತ್ತು ಹೋಗಬೇಕಲ್ಲ’ ಎಂದು ಕಂಡವರು ನಗುತ್ತಾರೆ. ವೃತ್ತಿಯಲ್ಲಿದ್ದಾಗ ಓದಿದ್ದು ಜ್ಞಾನ, ಈಗ ಓದುವುದು ವಿನೋದ ಎಂಬುದು ಅವರ ಎಣಿಕೆ. ಭೂವಿಜ್ಞಾನದಿಂದ ಅನ್ನ ಸಂಪಾದಿಸಿದ ನಾನು ಈ ವಿಂಗಡಣೆಯನ್ನು ಒಪ್ಪಲಾರೆ. ಅದಕ್ಕೆ ಕಾರಣ ಕೊಪ್ಪಳ ಸೀಮೆಯ ಬಂಡೆಗಳಲ್ಲಿಯೇ ಇದೆ.

ಕೊಪ್ಪಳದ ಗವಿಮಠದಲ್ಲಿಯೂ ಅದರ ಸಮೀಪದ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಅವು ಬೆಳಕಿಗೆ ಬಂದದ್ದು ೧೯೩೧ರಲ್ಲಿ. ಅವು ಅಶೋಕನವೆಂದು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಈ ತಿಳಿವು ಸುಲಭವಾಗಿ ದೊರೆತದ್ದಲ್ಲ. ೧೮೩೭ರಲ್ಲಿ ಬ್ರಾಹ್ಮೀ ಲಿಪಿಯ ಗಂಟನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹದ ಶುದ್ಧಿಯನ್ನು ಪರೀಕ್ಷಿಸುತ್ತಿದ್ದ ಅಧಿಕಾರಿ. ಅಕ್ಷರಗಳೇನೋ ಅರ್ಥವಾದವು, ಅವುಗಳಲ್ಲಿ ಮಾತನಾಡುವ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಯಾರೆಂಬುದು ಮಾತ್ರ ತಿಳಿಯಲಿಲ್ಲ. ಸಿಂಹಳದ ಅರಸನಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದ. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಲಿಯ ‘ದೀಪವಂಸ’ವನ್ನು ಓದಿ, ಪ್ರಿಯದರ್ಶಿಯೆಂದರೆ ಅಶೋಕನೇ ಎಂದು ತೋರಿಸಿದ. ಪವಾಡಗಳೂ ಐತಿಹ್ಯಗಳೂ ಹೆಣೆದುಕೊಂಡ ಗ್ರಂಥವದು. ಕಟ್ಟುಕಥೆಯೆಂದು ಅದನ್ನು ಆತ ಬದಿಗಿಟ್ಟಿದ್ದರೆ?

ಮುಂದೆ ೧೯೧೫ರಲ್ಲಿ, ಕುಷ್ಟಗಿಯ ಈಶಾನ್ಯಕ್ಕಿರುವ ಮಸ್ಕಿಯಲ್ಲಿ, ಚಿನ್ನದ ಗಣಿಗಾರಿಕೆಯ ಎಂಜಿನಿಯರ್ ಬೀಡನ್ ಒಂದು ಶಾಸನವನ್ನು ಕಂಡ. ಅದರಲ್ಲಿ ಅಶೋಕನೆಂಬ ಹೆಸರೇ ಕೊರೆದಿತ್ತು. ಗ್ರಂಥದ ಮಾತಿಗೆ ಬಂಡೆ ರುಜು ಹಾಕಿತು.

ಇದರ ಇನ್ನೊಂದು ಮುಖವೂ ಉಂಟು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ನೂರಾರು ಶಿಲಾಸಮಾಧಿಗಳಿವೆ. ಕುಳ್ಳರಾದ ಮೋರ್ಯರು ವಾಸಕ್ಕೆ ಕಟ್ಟಿಕೊಂಡ ಮನೆಗಳೆಂದು ಜನ ಹೇಳುತ್ತ ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇವನ್ನು ವಿದ್ವಾಂಸರ ಗಮನಕ್ಕೆ ತಂದವನು ಮೆಡೋಸ್ ಟೇಲರ್. ಸುರಪುರ ಸೀಮೆಯಲ್ಲಿ ಇಂಥ ಸಮಾಧಿಗಳನ್ನು ಅಗೆಸಿ, ಅಳೆದು, ಚಿತ್ರ ಬರೆದು ಲೇಖನಗಳನ್ನು ಪ್ರಕಟಿಸಿದವನೂ ಆತನೇ. ಆತ ಕಾದಂಬರಿಕಾರನೂ ಹೌದು. ೧೮೩೯ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಥಗ್’ ಆತನ ಪ್ರಸಿದ್ಧ ಕೃತಿ.

ಈಗ ಎರಡನ್ನೂ ಜೊತೆಗಿಟ್ಟು ಓದಿ ನೋಡಿರಿ. ಕಾದಂಬರಿಯ ಅಡಿಪಾಯ ಥಗ್ಗರ ಬಾಯಿಂದಲೇ ಹೊರಬಿದ್ದ ಹೇಳಿಕೆಗಳು. ಶಾಸ್ತ್ರೀಯ ಲೇಖನಗಳಲ್ಲಿ ಅಳತೆಗಳು ನಿಖರ. ಆದರೆ ಸಮಾಧಿ ಕಟ್ಟಿದವರು ಯುರೋಪಿನ ಪುರಾತನ ಜನಾಂಗಗಳ ಬಂಧುಗಳೆಂಬ ನಿರ್ಣಯ ಬರಿಯ ಊಹೆ. ಮುಂದಿನ ಸಂಶೋಧನೆ ಅದನ್ನು ಕೈಬಿಟ್ಟಿತು. ಕಥೆಯೊಳಗೆ ಸಂಗತಿ, ಶಾಸ್ತ್ರದೊಳಗೆ ಕಲ್ಪನೆ! ಪುಸ್ತಕದ ಬೆನ್ನಿನ ಮೇಲಿನ ಹೆಸರನ್ನು ನೋಡಿ ಸತ್ಯವನ್ನು ತೂಗಲಾಗದು. ಇದು ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ ಎಂದು ಪುಟಪುಟದಲ್ಲಿಯೂ ಕೇಳಿಕೊಳ್ಳಬೇಕು.

ಒಮ್ಮೊಮ್ಮೆ ಒಂದೇ ಕಲ್ಲಿನಲ್ಲಿ ಎರಡೂ ಇರುತ್ತವೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅಲ್ಲಿಯ ೧೧೧೨ರ ಶಾಸನ ಆ ಗುಡಿಯನ್ನು ದೇವಾಲಯಗಳ ಚಕ್ರವರ್ತಿಯೆಂದು ಹೊಗಳುತ್ತದೆ. ಕಾಲನಿರ್ದೇಶ ಇತಿಹಾಸ, ಹೊಗಳಿಕೆ ಕಾವ್ಯ. ಆದರೆ ಆ ಕಾವ್ಯವನ್ನು ಅಳಿಸಿಬಿಟ್ಟರೆ, ಕಟ್ಟಿದವರಿಗೆ ತಮ್ಮ ಕೆಲಸದ ಬಗೆಗೆ ಇದ್ದ ಹೆಮ್ಮೆಯೆಂಬ ಇನ್ನೊಂದು ಇತಿಹಾಸವೂ ಅಳಿಯುತ್ತದೆ.

ಇದು ಓದುಗರ ಚರ್ಚೆಗಷ್ಟೇ ಸೇರಿದ ಮಾತಲ್ಲ. ಹಿರೇಬೆಣಕಲ್ ೨೦೨೧ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದೆ. ಪಟ್ಟಿಯೊಂದೇ ಬೆಟ್ಟವನ್ನು ಕಾಯಲಾರದು. ಕಥೆಯನ್ನಷ್ಟೇ ನಂಬಿದವನು ನಿಧಿಯ ಆಸೆಗೆ ಸಮಾಧಿಯನ್ನು ಅಗೆಯುತ್ತಾನೆ. ಕಲ್ಲನ್ನಷ್ಟೇ ಕಂಡವನು ಜಲ್ಲಿಗಾಗಿ ಅದನ್ನು ಒಡೆಯುತ್ತಾನೆ. ಎರಡನ್ನೂ ಓದಬಲ್ಲವನು ಮಾತ್ರ ಅದನ್ನು ಇದ್ದಲ್ಲಿಯೇ ಇರಗೊಡುತ್ತಾನೆ.