ರೀವೋ ಮಠದ ಏಳು-ಬೀಳು

ಸಭಾಚರಿತ್ರೆಯ ಪಾಠಗಳಲ್ಲಿ ಇಂಗ್ಲೆಂಡಿನ ಮಠಗಳ ವಿಸರ್ಜನೆಯು ಬಹುಮಟ್ಟಿಗೆ ಎರಡು ವಾಕ್ಯಗಳಲ್ಲಿ ಮುಗಿಯುತ್ತದೆ: ಮಠಗಳು ಕೆಟ್ಟಿದ್ದವು, ಅರಸನು ಅವುಗಳನ್ನು ಮುಚ್ಚಿಸಿದನು. ಮೊದಲನೆಯದು ಎರಡನೆಯದಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಯಾರ್ಕ್‌ಷೈರ್ ಸೀಮೆಯ ರೈ ನದಿಯ ಕಣಿವೆಯಲ್ಲಿ ಛಾವಣಿಯಿಲ್ಲದೆ ನಿಂತಿರುವ ರೀವೋ ಮಠದ ಚರಿತ್ರೆಯನ್ನು ಈ ಪ್ರಶ್ನೆಯೊಡನೆ ಓದುವುದು ಪ್ರಯೋಜನಕರವೆಂದು ನಮಗೆ ತೋರುತ್ತದೆ.

1132ರಲ್ಲಿ ಹೆಲ್ಮ್ಸ್ಲಿಯ ಒಡೆಯನಾದ ವಾಲ್ಟರ್ ಎಸ್ಪೆಕ್ ಎಂಬವನು ಈ ನೆಲವನ್ನು ದಾನಮಾಡಿದನು. ಕ್ಲೇರ್ವೋದ ಬರ್ನಾರ್ಡನು ತನ್ನ ಮಠದಿಂದ ಸನ್ಯಾಸಿಗಳನ್ನು ಕಳುಹಿಸಿ, ತನ್ನ ಲಿಪಿಕಾರನಾಗಿದ್ದ ವಿಲಿಯಮನನ್ನು ಅವರಿಗೆ ಮಠಾಧಿಪತಿಯನ್ನಾಗಿ ನೇಮಿಸಿದನು. ಬೆನೆಡಿಕ್ಟನ ನಿಯಮವನ್ನು ಸಡಿಲಿಕೆಯಿಲ್ಲದೆ ಪಾಲಿಸಬೇಕು, ಊರುಗಳಿಂದ ದೂರವಿರಬೇಕು, ಸ್ವಂತ ಕೈದುಡಿಮೆಯಿಂದ ಬದುಕಬೇಕು ಎಂಬುದು ಸಿಸ್ಟರ್ಸಿಯನ್ನರ ಸಂಕಲ್ಪ. ಕಣಿವೆಯು ಎಷ್ಟು ಇಕ್ಕಟ್ಟಾಗಿತ್ತೆಂದರೆ, ಪೂರ್ವಾಭಿಮುಖವಾಗಿರಬೇಕಾದ ದೇವಾಲಯವನ್ನು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಕಟ್ಟಬೇಕಾಯಿತು. ನೆರೆಯವರ ಒಪ್ಪಿಗೆ ಪಡೆದು ನದಿಯ ಪಾತ್ರವನ್ನೇ ಹಂತಹಂತವಾಗಿ ಬದಲಿಸಿ ಅವರು ಭೂಮಿಯನ್ನು ವಿಸ್ತರಿಸಿಕೊಂಡರು.

ಈ ಮಠದ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಏಲ್ರೆಡನಿಂದ. ಹೆಕ್ಸಮ್‌ನ ಯಾಜಕನ ಮಗನಾಗಿ ಹುಟ್ಟಿ, ಸ್ಕಾಟ್ಲೆಂಡಿನ ದಾವೀದ ರಾಜನ ಆಸ್ಥಾನದಲ್ಲಿ ಸೇವೆಯಲ್ಲಿದ್ದ ಈತನು 1134ರ ಸುಮಾರಿಗೆ ಮಠವನ್ನು ಸೇರಿದನು. 1147ರಿಂದ 1167ರಲ್ಲಿ ತೀರಿಕೊಳ್ಳುವವರೆಗೆ ಅದರ ಅಧಿಪತಿಯಾಗಿದ್ದನು. ಬರ್ನಾರ್ಡನ ಒತ್ತಾಯದಿಂದ ಪ್ರೀತಿಯ ಕುರಿತಾದ ತನ್ನ ಮೊದಲ ಗ್ರಂಥವನ್ನು ಬರೆದನು. ಸ್ನೇಹವನ್ನು ಕುರಿತ ಸಂವಾದದಲ್ಲಿಯಂತೂ ರೋಮಿನ ಸಿಸೆರೋವಿನ ವಿಚಾರಗಳನ್ನು ಕ್ರಿಸ್ತನಿಂದ ಹೊರಟು ಕ್ರಿಸ್ತನಲ್ಲಿ ಪೂರ್ಣಗೊಳ್ಳುವ ಸ್ನೇಹದ ಬೆಳಕಿನಲ್ಲಿ ಮರಳಿ ಪರಿಶೀಲಿಸಿದನು. ಮಠದಲ್ಲಿ ಆಪ್ತಸ್ನೇಹವು ಶಿಸ್ತಿಗೆ ಅಪಾಯವೆಂದು ಹಲವರು ಭಾವಿಸುತ್ತಿದ್ದ ಕಾಲದಲ್ಲಿ ಇದು ಧೈರ್ಯದ ಮಾತು. ಕೀಲುನೋವಿನಿಂದಲೂ ಮೂತ್ರಪಿಂಡದ ಕಲ್ಲಿನಿಂದಲೂ ನರಳುತ್ತಿದ್ದ ಅವನು ಕೊನೆಯ ವರ್ಷಗಳನ್ನು ರೋಗಿಗಳ ಶಾಲೆಯ ಬಳಿಯ ಒಂದು ಕೋಣೆಯಲ್ಲಿ ಕಳೆದನು. ಅಲ್ಲಿಗೆ ದಿನವೂ ಇಪ್ಪತ್ತು ಮೂವತ್ತು ಜನ ಸನ್ಯಾಸಿಗಳು ಬಂದು, ಮಂಚದ ಸುತ್ತಲೂ ಕುಳಿತು ಮಾತನಾಡುತ್ತಿದ್ದರೆಂದು ಅವನ ಚರಿತ್ರೆಯನ್ನು ಬರೆದ ಶಿಷ್ಯ ವಾಲ್ಟರ್ ಡೇನಿಯಲ್ ಹೇಳುತ್ತಾನೆ. ಬಲಹೀನರನ್ನು ಸಹಿಸಿಕೊಳ್ಳುವುದೇ ಆ ಮನೆಯ ಮಹಿಮೆಯೆಂದು ಏಲ್ರೆಡನು ಎಣಿಸಿದ್ದನಂತೆ. ಶಿಷ್ಯನ ಭಕ್ತಿಯಲ್ಲಿ ಅತಿಶಯೋಕ್ತಿ ಇರಬಹುದು. ಆದರೂ ಯಾವ ಗುಣವನ್ನು ಹೊಗಳಬೇಕೆಂದು ಅವನು ಆರಿಸಿಕೊಂಡನೆಂಬುದು ಗಮನಾರ್ಹ.

ಅದೇ ಚರಿತ್ರೆಯ ಪ್ರಕಾರ ಆಗ ಮಠದಲ್ಲಿ 140 ಸನ್ಯಾಸಿಗಳೂ, ದುಡಿಯುವ ಸಹೋದರರೂ ಇತರರೂ ಸೇರಿ 500 ಮಂದಿಯೂ ಇದ್ದರು. ಈ ದುಡಿಯುವ ಸಹೋದರರ ವಿಷಯದಲ್ಲಿ ನಾವು ತುಸು ನಿಲ್ಲಬೇಕು. ಅವರೂ ವ್ರತ ತೊಟ್ಟವರೇ. ಆದರೆ ಅಕ್ಷರ ಕಲಿಯದವರು. ಗಾಯನವೃಂದದ ಸನ್ಯಾಸಿಗಳಾಗಲು ಅವರಿಗೆ ಅವಕಾಶವಿರಲಿಲ್ಲ. ಅವರ ಊಟದ ಮನೆ, ಮಲಗುವ ಸ್ಥಳ, ದೇವಾಲಯದೊಳಗಿನ ಭಾಗ ಎಲ್ಲವೂ ಬೇರೆ. ಸ್ನೇಹದ ಶ್ರೇಷ್ಠ ಗ್ರಂಥವು ಹುಟ್ಟಿದ ಮನೆಯಲ್ಲಿಯೇ ಈ ಗೋಡೆಯೂ ಇತ್ತು. ಮಠದ ಐಶ್ವರ್ಯಕ್ಕೆ ಆಧಾರವಾಗಿದ್ದದ್ದು ಅವರು ದೂರದ ಹೊಲಮನೆಗಳಲ್ಲಿ ಮಾಡಿದ ಬೇಸಾಯ ಮತ್ತು ಕುರಿಸಾಕಣೆ.

ಐಶ್ವರ್ಯದೊಡನೆ ತೊಡಕೂ ಬಂತು. 13ನೆಯ ಶತಮಾನದಲ್ಲಿ ದೇವಾಲಯದ ಪೂರ್ವಭಾಗವನ್ನು ಭವ್ಯವಾಗಿ ಮರಳಿ ಕಟ್ಟಿದರು. ಮುಂದಿನ ವರ್ಷಗಳ ಉಣ್ಣೆಯನ್ನು ವ್ಯಾಪಾರಿಗಳಿಗೆ ಮುಂಚಿತವಾಗಿಯೇ ಮಾರಿ ಹಣ ಪಡೆಯುವ ರೂಢಿಯೂ ಬೆಳೆಯಿತು. ಆ ಶತಮಾನದ ಕೊನೆಯ ದಶಕಗಳಲ್ಲಿ ಕುರಿಗಳಿಗೆ ಕಜ್ಜಿರೋಗ ತಗಲಿದಾಗ ಸಾಲ ತೀರಿಸಲಾಗಲಿಲ್ಲ. 1322ರಲ್ಲಿ ಸ್ಕಾಟರ ಸೈನ್ಯವು ಮಠವನ್ನು ಕೊಳ್ಳೆಹೊಡೆಯಿತು. ಆ ಶತಮಾನದ ಮಧ್ಯದಲ್ಲಿ ಮಹಾಮಾರಿ. 1381ರ ಹೊತ್ತಿಗೆ ಸುಮಾರು 15 ಸನ್ಯಾಸಿಗಳೂ 3 ದುಡಿಯುವ ಸಹೋದರರೂ ಮಾತ್ರ ಉಳಿದಿದ್ದರು.

ಹಾಗಾದರೆ ಮಠವು ತಾನಾಗಿಯೇ ಸತ್ತಿತೆ? ಇಲ್ಲ. ಅದಾದ ಮೇಲೆ ಒಂದೂವರೆ ಶತಮಾನ ಅಲ್ಲಿ ಪ್ರಾರ್ಥನೆ ನಡೆಯಿತು. 1533ರಲ್ಲಿ ಮಠಾಧಿಪತಿ ಎಡ್ವರ್ಡ್ ಕರ್ಕ್‌ಬಿಯನ್ನು ರಾಜಾಧಿಕಾರದ ಒತ್ತಡದಿಂದ ಇಳಿಸಿ, ರೋಲಂಡ್ ಬ್ಲೈಟನ್‌ನನ್ನು ಕೂರಿಸಲಾಯಿತು. ವರ್ಷಕ್ಕೆ 200 ಪೌಂಡಿಗಿಂತ ಕಡಮೆ ಆದಾಯದ ಮಠಗಳನ್ನು ಮುಚ್ಚುವ 1536ರ ಶಾಸನಕ್ಕೆ ರೀವೋ ಒಳಪಡಲಿಲ್ಲ. ಗುಣವನ್ನಲ್ಲ, ಆದಾಯವನ್ನು ಅಳತೆಗೋಲಾಗಿಸಿದ ಈ ಶಾಸನವೇ ಸುಧಾರಣೆಯ ವಾದವನ್ನು ಸಂದೇಹಕ್ಕೆ ಗುರಿಮಾಡುತ್ತದೆ. 1538ರ ಡಿಸೆಂಬರ್ 3ರಂದು ಬ್ಲೈಟನ್ ಮಠವನ್ನು ಎಂಟನೆಯ ಹೆನ್ರಿಯ ಅಧಿಕಾರಿಗಳಿಗೆ ಒಪ್ಪಿಸಿದನು. ನೆಲವು ರಟ್ಲೆಂಡಿನ ಅರ್ಲ್ ಥಾಮಸ್ ಮ್ಯಾನರ್ಸ್‌ನ ಪಾಲಾಯಿತು. ಈತನು ವಾಲ್ಟರ್ ಎಸ್ಪೆಕ್‌ನ ಸಹೋದರಿಯ ಸಂತತಿಯವನು. ನಾಲ್ಕು ಶತಮಾನಗಳ ಹಿಂದೆ ದೇವರಿಗೆಂದು ಕೊಟ್ಟದ್ದು ಕೊಟ್ಟವರ ವಂಶಕ್ಕೇ ಮರಳಿತು. ಮಠಗಳಲ್ಲಿ ಸುಧಾರಿಸಬೇಕಾದದ್ದು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇಲ್ಲಿ ನಡೆದದ್ದು ಆಸ್ತಿಯ ಹಸ್ತಾಂತರ. ಅದಕ್ಕೆ ಸುಧಾರಣೆಯ ಹೆಸರನ್ನು ಕೊಡಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಛಾವಣಿಯ ಸೀಸವನ್ನು ಕಿತ್ತು, ಕರಗಿಸಿ, ಅರಸನ ಮುದ್ರೆಯೊತ್ತಿ ಗಟ್ಟಿಗಳನ್ನಾಗಿ ಎರಕಹೊಯ್ದರು. ಅವುಗಳಲ್ಲಿ ನಾಲ್ಕು ಕುಸಿದ ಗೋಡೆಯ ಕಲ್ಲುಗಳಡಿ ಸಿಕ್ಕಿಕೊಂಡು ಯಾರ ಕೈಗೂ ಸೇರದೆ ಉಳಿದವು. 20ನೆಯ ಶತಮಾನದ ಆರಂಭದಲ್ಲಿ ಅವಶೇಷಗಳನ್ನು ತೆರವುಮಾಡುವಾಗ ಅವು ಸಿಕ್ಕವು. ಯಾರ್ಕ್ ಮಹಾದೇವಾಲಯದಲ್ಲಿ ‘ಐವರು ಸಹೋದರಿಯರು’ ಎಂದು ಕರೆಯಲ್ಪಡುವ ಕಿಟಕಿಯ 13ನೆಯ ಶತಮಾನದ ಗಾಜನ್ನು ಮತ್ತೆ ಜೋಡಿಸಲು ಆ ಸೀಸವನ್ನು ಬಳಸಲಾಯಿತು.