ಮ್ಯೂನಿಕ್‌ನಲ್ಲಿ ಮುಳುಗಿದ ವ್ಯಾಪಾರ

1972ರ ಮ್ಯೂನಿಕ್ ಒಲಿಂಪಿಕ್ಸ್ ಹೊತ್ತಿಗೆ ಫಿಲಿಪೈನ್ಸ್‌ನ ಎರಿಕ್ ದೆ ಗಿಯಾ ಚಿಪ್ಪಿನ ಸ್ಮರಣಿಕೆಗಳನ್ನು ಮಾರಲೆಂದು ಜರ್ಮನಿಗೆ ಹೋದ. ವ್ಯಾಪಾರ ಮುಳುಗಿತು. ಕೈಯಲ್ಲಿ ಕಾಸಿಲ್ಲದೆ ಅಲ್ಲೇ ಉಳಿದ. ಅವನ ದೇಶದ ಸ್ವತಂತ್ರ ಸಿನಿಮಾದ ಒಂದು ಮುಖ್ಯ ಕವಲು ಶುರುವಾಗುವುದೇ ಈ ನಷ್ಟದಿಂದ ಎಂದು ನನಗೆ ಅನ್ನಿಸುತ್ತದೆ.

ಎರಿಕ್ ಹುಟ್ಟಿದ್ದು 1942ರಲ್ಲಿ, ಅಮೆರಿಕನ್ನರು ಬೇಸಿಗೆ ಕಳೆಯಲು ಕಟ್ಟಿಸಿದ ಗಿರಿಧಾಮ ಬಾಗಿಯೊದಲ್ಲಿ. ಓದಿದ್ದು ಅಮೆರಿಕದ ವಾರ್ಟನ್‌ನಲ್ಲಿ ಎಂಬಿಎ. ಪ್ಯಾರಿಸ್‌ನ ಒಇಸಿಡಿಯಲ್ಲಿ ನೌಕರಿಯೂ ಸಿಕ್ಕಿತ್ತು. ಅಷ್ಟನ್ನೂ ಬಿಟ್ಟು ಬಂದವನನ್ನು ಜರ್ಮನ್ ನಿರ್ದೇಶಕ ವರ್ನರ್ ಹೆರ್ಜಾಗ್ 1974ರ ತನ್ನ ಕಾಸ್ಪರ್ ಹೌಸರ್ ಚಿತ್ರಕ್ಕೆ ಕರೆದ. ಕೊಟ್ಟ ಪಾತ್ರ, ಜಾತ್ರೆಯ ಡೇರೆಯಲ್ಲಿ ಜನ ನೋಡಲು ಬರುವ, ಕೊಳಲೂದುವ ದೂರದೇಶದವನದು. ಯುರೋಪಿನ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆಂಬುದು ಅಲ್ಲಿ ಅವನಿಗೆ ತಿಳಿದಿರಬೇಕು.

ಆಮೇಲೆ ಅವನೇ ಕ್ಯಾಮೆರಾ ಹಿಡಿದ. ಸುಮಾರು ಹತ್ತು ಸಾವಿರ ಡಾಲರಿನಲ್ಲಿ, ಅವಧಿ ಮೀರಿದ ಫಿಲ್ಮನ್ನೂ ಬಳಸಿ ‘ಪರ್ಫ್ಯೂಮ್ಡ್ ನೈಟ್‌ಮೇರ್’ ಮಾಡಿದ. ನಾಯಕನೂ ಅವನೇ. ಹಳ್ಳಿಯ ಜೀಪ್ನಿ ಚಾಲಕ. ರಾಕೆಟ್ ವಿಜ್ಞಾನಿ ವರ್ನರ್ ಫಾನ್ ಬ್ರೌನ್ ಅಭಿಮಾನಿ ಸಂಘದ ಅಧ್ಯಕ್ಷ. ಪ್ಯಾರಿಸ್ ನೋಡಿದ ಮೇಲೆ ಆ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಾನೆ. ಜೀಪ್ನಿಯೆಂದರೆ ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದ ಮಾಡಿ, ಬಣ್ಣ ಬಳಿದು, ಜನರನ್ನು ಸಾಗಿಸಲು ಇಟ್ಟುಕೊಂಡ ಗಾಡಿ. ಈ ಸಿನಿಮಾ ಕೂಡ ಅಂಥದ್ದೇ ಗಾಡಿ: ಬೇರೆಯವರು ಬೇಡವೆಂದದ್ದನ್ನು ಜೋಡಿಸಿ ಓಡಿಸಿದ್ದು.

ಚಿತ್ರಕ್ಕೆ 1977ರ ಬರ್ಲಿನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಅಮೆರಿಕದಲ್ಲಿ ಅದನ್ನು ಹಂಚಿದ್ದು ಕೊಪ್ಪೊಲಾ ಅವರ ಜೊಯಿಟ್ರೋಪ್. ನಾಯಕನ ಹೆಸರೇ ನಿರ್ದೇಶಕನ ಹೆಸರಾಗಿ ಉಳಿಯಿತು: ಕಿಡ್ಲಾಟ್ ತಹಿಮಿಕ್. ಟಾಗಾಲಾಗ್ ಭಾಷೆಯಲ್ಲಿ ಸದ್ದಿಲ್ಲದ ಮಿಂಚು ಎಂದರ್ಥ.

ನನ್ನನ್ನು ಹೆಚ್ಚು ಕಾಡುವುದು ಅವನ ಇನ್ನೊಂದು ಚಿತ್ರ, 1981ರ ‘ತುರುಂಬಾ’. ಊರ ಹಬ್ಬಕ್ಕೆ ಕಾಗದದ ಗೊಂಬೆ ಮಾಡುವ ಕುಟುಂಬಕ್ಕೆ ಜರ್ಮನಿಯಿಂದ ದೊಡ್ಡ ಆರ್ಡರ್ ಬರುತ್ತದೆ, ಮ್ಯೂನಿಕ್ ಒಲಿಂಪಿಕ್ಸ್‌ನ ಲಾಂಛನದ ಗೊಂಬೆಗಳಿಗಾಗಿ. ಮನೆ ಕಾರ್ಖಾನೆಯಾಗುತ್ತದೆ, ಹಬ್ಬಕ್ಕೇ ಪುರುಸೊತ್ತಿಲ್ಲದಂತಾಗುತ್ತದೆ. ಒಂಬತ್ತು ವರ್ಷಗಳ ಹಿಂದೆ ಅದೇ ಒಲಿಂಪಿಕ್ಸ್‌ನಲ್ಲಿ ಸೋತ ವ್ಯಾಪಾರಿ ಇಲ್ಲಿ ಲೆಕ್ಕದ ಪುಸ್ತಕ ಮತ್ತೆ ತೆರೆದಿದ್ದಾನೆ. ಈ ಸಲ ಅವನು ಕೇಳುವ ಪ್ರಶ್ನೆ ಬೇರೆ: ಆ ವ್ಯಾಪಾರ ಗೆದ್ದಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವು?